ಅಗಲಿದವರ ನೆನಪಿನಲ್ಲಿ ದೂರದ ಸೈಕಲ್ ಯಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಅಕ್ಕ ಮೂತ್ರಪಿಂಡದ ವೈಫಲ್ಯದಿಂದ ತೀರಿಕೊಂಡ ಎರಡನೆಯ ವರ್ಷ, ಅವಳ ನೆನಪಿನಲ್ಲಿ 9 ದಿನಗಳ ಕಾಲ 936 ಕಿಲೋಮೀಟರ್ ಸೈಕಲ್ ತುಳಿದೆ. ಡಯಾಲಿಸಿಸ್ ವೆಚ್ಚ ಭರಿಸಲಾಗದ ರೋಗಿಗಳಿಗಾಗಿ ಒಂದಿಷ್ಟು ಹಣವನ್ನೂ ಕೂಡಿಸಿದೆ. ಅಂದಿನಿಂದ ತಮ್ಮವರನ್ನು ಕಳೆದುಕೊಂಡ ಅನೇಕರು ಮಾತಿನಲ್ಲಿ, ಪತ್ರದಲ್ಲಿ, ಫೋನಿನಲ್ಲಿ ನನ್ನನ್ನು ಕೇಳುತ್ತ ಬಂದಿದ್ದಾರೆ. ಕೇಳುವವರು ಬೇರೆಯಾದರೂ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ ಆಗಿರುವುದರಿಂದ, ಅವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಇಂಥ ಯಾತ್ರೆಯಲ್ಲಿ ನೆನಪು, ಹಣ, ದಾರಿ ಎಂಬ ಮೂರು ಲೆಕ್ಕಗಳಿರುತ್ತವೆ. ಮೂರನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡವರ ಯಾತ್ರೆ ಸುಸೂತ್ರವಾಗಿ ನಡೆಯುತ್ತದೆ; ಒಂದರೊಳಗೆ ಇನ್ನೊಂದು ಬೆರೆತಲ್ಲಿ ತೊಂದರೆ ಶುರುವಾಗುತ್ತದೆ. ಮುಂದಿನ ಬಹುಪಾಲು ಉತ್ತರಗಳು ಈ ಅನುಭವದಿಂದಲೇ ಬಂದವು.

## ಹೊರಡುವ ಯೋಚನೆ

ನಮ್ಮವರ ಹೆಸರಿನಲ್ಲಿ ಹಣ ಕೊಡಬೇಕೆಂದಿದ್ದರೆ ಸುಮ್ಮನೆ ಕೊಟ್ಟುಬಿಡಬಹುದಲ್ಲ, ಅದಕ್ಕೆ ಸೈಕಲ್ ಏಕೆ ತುಳಿಯಬೇಕು?

ಖಂಡಿತ ಕೊಟ್ಟುಬಿಡಬಹುದು. ಹಣವೊಂದೇ ಉದ್ದೇಶವಾದರೆ ಅದೇ ಹೆಚ್ಚು ಸರಳವಾದ ದಾರಿ. ಆದರೆ ಸಾವಿನ ನಂತರ ಕೈಕಾಲುಗಳಿಗೆ ಮಾಡಲು ಏನೂ ಕೆಲಸವಿಲ್ಲವೆಂಬ ಸಂಕಟ ಅನೇಕರನ್ನು ಕಾಡುತ್ತದೆ. ತಿಂಗಳುಗಟ್ಟಲೆ ಔಷಧಿ, ಆಸ್ಪತ್ರೆ, ಆರೈಕೆ ಎಂದು ಓಡಾಡಿದ ದೇಹ ಒಂದು ದಿನ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಸೈಕಲ್ ಯಾತ್ರೆ ಆ ದೇಹಕ್ಕೆ ಮತ್ತೆ ಒಂದು ಕೆಲಸವನ್ನು ಕೊಡುತ್ತದೆ. ಬೆಳಿಗ್ಗೆ ಏಳಬೇಕು, ಗಾಲಿಗೆ ಗಾಳಿ ನೋಡಬೇಕು, ಇಂತಿಷ್ಟು ದೂರ ಸಾಗಬೇಕು. ಜೊತೆಗೆ, ದಾರಿಯಲ್ಲಿ ಸಿಕ್ಕವರು “ಎಲ್ಲಿಗೆ ಹೊರಟಿರಿ?” ಎಂದು ಕೇಳುತ್ತಾರೆ, ಆಗ ಅಗಲಿದವರ ಹೆಸರನ್ನು ಹೇಳುವ ಅವಕಾಶ ಸಿಗುತ್ತದೆ. ಮನೆಯಲ್ಲಿ ಯಾರೂ ಎತ್ತಲು ಅಂಜುತ್ತಿದ್ದ ಹೆಸರನ್ನು ನಾನು ಆ ಒಂಬತ್ತು ದಿನಗಳಲ್ಲಿ ನೂರಾರು ಸಲ ಬಾಯಿಬಿಟ್ಟು ಹೇಳಿದೆ. ನನ್ನ ಮಟ್ಟಿಗೆ ಯಾತ್ರೆಯ ಮೊದಲ ಫಲ ಅದೇ.

ತೀರಿಹೋಗಿ ಇನ್ನೂ ಎರಡು ತಿಂಗಳಾಗಿಲ್ಲ, ಮನೆಯಲ್ಲಿ ಕೂರಲು ಆಗುತ್ತಿಲ್ಲ. ಈಗಲೇ ಹೊರಟುಬಿಡಲೇ?

ದಯವಿಟ್ಟು ಈಗ ಹೊರಡಬೇಡಿ. ಆಪ್ತರ ಸಾವಿನ ಮೊದಲ ದಿನಗಳಲ್ಲಿ ಹೃದಯಾಘಾತದ ಅಪಾಯ ಹೆಚ್ಚಿರುತ್ತದೆ ಎಂಬುದು ವೈದ್ಯರು ದಾಖಲಿಸಿರುವ ಸಂಗತಿ. ಆ ಮೊದಲ ದಿನಗಳು ದಾಟಿದ ಮೇಲೂ ನಿದ್ದೆ ಕೆಡುವುದು, ಹಸಿವು ಸಾಯುವುದು, ಗಮನ ನಿಲ್ಲದಿರುವುದು ಸುಲಭಕ್ಕೆ ಹೋಗುವುದಿಲ್ಲ. ಈ ಮೂರೂ ವಾಹನಗಳ ನಡುವೆ ಸೈಕಲ್ ತುಳಿಯುವವರಿಗೆ ಅಪಾಯಕಾರಿ. ಮನೆಯಲ್ಲಿ ಕೂರಲಾಗದಿದ್ದರೆ ದಿನಕ್ಕೆ ಅರ್ಧ ಗಂಟೆ, ಗೊತ್ತಿರುವ ರಸ್ತೆಯಲ್ಲಿ, ಹಗಲಿನಲ್ಲಿ ತುಳಿಯಿರಿ. ಯಾತ್ರೆಯ ದಿನವನ್ನು ಅವರು ತೀರಿಹೋಗಿ ಒಂದು ವರ್ಷ ತುಂಬಿದ ಆಚೆಗೆ ಇಟ್ಟುಕೊಳ್ಳಿ. ನಡುವಿನ ಕಾಲವೆಲ್ಲ ತಯಾರಿಗೆ ಬೇಕಾಗುವುದರಿಂದ ಅದು ವ್ಯರ್ಥವಾಗುವುದಿಲ್ಲ.

ನಾನೇನೂ ಸೈಕಲ್ ಪಟುವಲ್ಲ, ವಯಸ್ಸು ಐವತ್ತರ ಹತ್ತಿರ ಬಂತು. ನನ್ನಿಂದ ಆದೀತೇ?

ಆದೀತು, ಸಮಯ ಕೊಟ್ಟರೆ. ದೂರದ ಸವಾರಿಯಲ್ಲಿ ಬೇಕಾಗುವುದು ವೇಗವಲ್ಲ, ನಿಧಾನವಾಗಿ ಬಹಳ ಹೊತ್ತು ತುಳಿಯುವ ಅಭ್ಯಾಸ. ಅದನ್ನು ಯಾವ ವಯಸ್ಸಿನಲ್ಲೂ ಬೆಳೆಸಿಕೊಳ್ಳಬಹುದು. ಆದರೆ ತರಬೇತಿ ಆರಂಭಿಸುವ ಮುನ್ನ ವೈದ್ಯರಲ್ಲಿ ಹೃದಯ, ರಕ್ತದೊತ್ತಡ, ಸಕ್ಕರೆ ಮೂರನ್ನೂ ಪರೀಕ್ಷಿಸಿಕೊಳ್ಳಿ. ನಿಮ್ಮವರನ್ನು ಒಯ್ದದ್ದು ವಂಶದಲ್ಲಿ ಬರಬಹುದಾದ ಹೃದ್ರೋಗವಾಗಿದ್ದರೆ ಆ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಅದನ್ನು ಹೇಳಲು ಮರೆಯುವವರೇ ಹೆಚ್ಚು.

ಎಷ್ಟು ದೂರ ಹೋಗಬೇಕು ಎಂದು ಹೇಗೆ ತೀರ್ಮಾನಿಸುವುದು?

ದೊಡ್ಡ ಸಂಖ್ಯೆಗೆ ಮರುಳಾಗಬೇಡಿ. ಅಗಲಿದವರ ಬದುಕಿಗೆ ಸಂಬಂಧಪಟ್ಟ ಒಂದು ಅಳತೆಯನ್ನು ಹುಡುಕಿ. ಅವರು ಹುಟ್ಟಿದ ಊರಿನಿಂದ ಕೊನೆಯುಸಿರೆಳೆದ ಊರಿಗಿರುವ ದಾರಿ, ಅವರು ಹೋಗಬೇಕೆಂದು ಆಸೆಪಟ್ಟು ಹೋಗಲಾಗದೆ ಉಳಿದ ಜಾಗ, ಅವರು ಬದುಕಿದ ವರ್ಷಗಳ ಸಂಖ್ಯೆ, ಇವುಗಳಲ್ಲಿ ಯಾವುದಾದರೂ ಆಗಬಹುದು. ನನ್ನ ಅಕ್ಕ ವಾರಕ್ಕೆ 3 ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದಳು. ಹೋಗಿಬರುವ ದಾರಿ 6 ಕಿಲೋಮೀಟರ್. ವರ್ಷಕ್ಕೆ 156 ಸಲ, ಅಂದರೆ 936 ಕಿಲೋಮೀಟರ್. ಒಂದು ವರ್ಷ ಅವಳು ಯಂತ್ರದ ಮುಂದೆ ಕೂರುವುದಕ್ಕಾಗಿಯೇ ಸಾಗಿದ ದೂರವದು ಎಂದು ಲೆಕ್ಕ ಹಾಕಿದ ದಿನ, ಎಷ್ಟು ದೂರ ಎಂಬ ಪ್ರಶ್ನೆ ನನಗೆ ಮತ್ತೆ ಬರಲಿಲ್ಲ.

ಅಳತೆ ಸಿಕ್ಕ ಮೇಲೆ ಅದನ್ನು ದಿನಗಳಿಗೆ ಹಂಚುವಾಗ ಮಾತ್ರ ಭಾವನೆಯನ್ನು ಪಕ್ಕಕ್ಕಿಡಿ. ಸಾಕಷ್ಟು ತರಬೇತಿಯಾದವರಿಗೆ ಸಮತಟ್ಟಾದ ರಸ್ತೆಯಲ್ಲಿ ದಿನಕ್ಕೆ 80ರಿಂದ 110 ಕಿಲೋಮೀಟರ್ ಹಿತವಾದ ದೂರ. ಏರುದಾರಿಯಿದ್ದರೆ, ಎದುರುಗಾಳಿ ಬೀಸುವ ಕಾಲವಾದರೆ 60 ಸಾಕು. ನಾಲ್ಕೈದು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಇರಲಿ. ನಾನು ಆ ವಿಶ್ರಾಂತಿಯನ್ನು ಇಟ್ಟುಕೊಳ್ಳಲಿಲ್ಲ, ಏಳನೆಯ ದಿನ ಎಡ ಮಂಡಿ ಅದಕ್ಕೆ ಬೆಲೆ ತೆತ್ತಿತು.

ಮನೆಯವರೆಲ್ಲರಿಗೂ ಇದು ಇಷ್ಟವಿಲ್ಲ. “ನಮ್ಮ ದುಃಖವನ್ನು ಬೀದಿಗೆ ತರಬೇಡ” ಅನ್ನುತ್ತಾರೆ. ಏನು ಮಾಡಲಿ?

ಅವರ ಮಾತಿನಲ್ಲಿ ಹುರುಳಿದೆ. ತೀರಿಹೋದವರು ನಿಮ್ಮೊಬ್ಬರವರೇ ಅಲ್ಲ. ನಿಮಗೆ ತಂಗಿಯಾದವಳು ಇನ್ನೊಬ್ಬರಿಗೆ ತಾಯಿ, ಮತ್ತೊಬ್ಬರಿಗೆ ಹೆಂಡತಿ. ಪ್ರಚಾರಪತ್ರ ಅಚ್ಚಾಗುವ ಮುನ್ನ ಎಲ್ಲರನ್ನೂ ಕೂರಿಸಿಕೊಂಡು ಮೂರು ವಿಷಯ ಕೇಳಿ: ಹೆಸರನ್ನು ಬಳಸಬಹುದೇ, ಕಾಯಿಲೆಯ ವಿವರವನ್ನು ಎಷ್ಟರಮಟ್ಟಿಗೆ ಹೇಳಬಹುದು, ಯಾವ ಚಿತ್ರವನ್ನು ಹಾಕಬಹುದು. ನಾನು ಆಸ್ಪತ್ರೆಯ ಹಾಸಿಗೆಯಲ್ಲಿ ಅಕ್ಕ ನಗುತ್ತಿದ್ದ ಚಿತ್ರವೊಂದನ್ನು ಆರಿಸಿದ್ದೆ, ಅದರಲ್ಲಿ ಅವಳ ಧೈರ್ಯ ಕಾಣುತ್ತದೆ ಎಂಬ ನಂಬಿಕೆಯಿಂದ. ಅವಳ ಮಗಳು ಅದನ್ನು ನೋಡಿದವಳೇ, “ಮಾಮ, ಅಮ್ಮನ ಕೈಯಲ್ಲಿ ಸೂಜಿ ಕಾಣುತ್ತೆ” ಎಂದಳು. ನಾನು ಅದುವರೆಗೂ ಕೈಯನ್ನು ನೋಡಿಯೇ ಇರಲಿಲ್ಲ. ಕೊನೆಗೆ ಅವಳೇ ಆರಿಸಿದ, ಅಕ್ಕ ಯಾರನ್ನೋ ಗದರಿಸುತ್ತಿರುವ ಹಳೆಯ ಚಿತ್ರವನ್ನು ಬಳಸಿದೆವು. ಒಬ್ಬರು ಖಡಾಖಂಡಿತವಾಗಿ ಬೇಡವೆಂದರೆ ಹೆಸರಿಲ್ಲದೆಯೂ ಯಾತ್ರೆ ಮಾಡಬಹುದು. ನೆನಪಿಗೆ ಪ್ರಚಾರ ಬೇಕಾಗಿಲ್ಲ, ಪ್ರಚಾರ ಬೇಕಾಗಿರುವುದು ಹಣಕ್ಕೆ.

## ಹಣದ ವಿಷಯ

ಕೂಡಿದ ಹಣವನ್ನು ಯಾರಿಗೆ ಕೊಡುವುದು ಸರಿ?

ಅಗಲಿದವರ ಕಾಯಿಲೆಗೆ ಸಂಬಂಧಿಸಿದ ದೊಡ್ಡ ಸಂಸ್ಥೆಯ ಹೆಸರು ಮೊದಲು ಹೊಳೆಯುತ್ತದೆ. ಆದರೆ ಸ್ವಲ್ಪ ನಿಧಾನಿಸಿ, ಅವರ ಕಷ್ಟದ ದಿನಗಳಲ್ಲಿ ನಿಜಕ್ಕೂ ಯಾವುದರ ಕೊರತೆಯಿತ್ತು ಎಂದು ನೆನಪಿಸಿಕೊಳ್ಳಿ. ಚಿಕಿತ್ಸೆಗಿಂತ ಹೆಚ್ಚಾಗಿ ಹೋಗಿಬರುವ ವಾಹನದ ಖರ್ಚೇ ಕಾಡಿರಬಹುದು, ಅಥವಾ ನೋವು ಶಮನ ಮಾಡುವ ಆರೈಕೆ ಸಿಗದೇ ಹೋಗಿರಬಹುದು. ಕೊರತೆ ತಿಳಿದರೆ ಅದನ್ನು ತುಂಬುವ ಸಂಸ್ಥೆಯನ್ನು ಹುಡುಕುವುದು ಸುಲಭ. ಆ ಸಂಸ್ಥೆ ನೋಂದಣಿಯಾಗಿದೆಯೇ, ಪ್ರತಿ ವರ್ಷ ಲೆಕ್ಕಪರಿಶೋಧನೆಯಾದ ವರದಿಯನ್ನು ಪ್ರಕಟಿಸುತ್ತದೆಯೇ, ನೀವು ಹೇಳಿದ ಉದ್ದೇಶಕ್ಕೇ ಹಣವನ್ನು ಮೀಸಲಿಡುವುದಾಗಿ ಬರೆದು ಕೊಡುತ್ತದೆಯೇ ಎಂದು ವಿಚಾರಿಸಿ. ಮೂರಕ್ಕೂ ನೇರ ಉತ್ತರ ಬಾರದಿದ್ದರೆ ಬೇರೆಡೆ ನೋಡಿ. ಬರವಣಿಗೆಯಲ್ಲಿ ಒಪ್ಪಿಗೆ ಪಡೆಯದೆ ಯಾವ ಸಂಸ್ಥೆಯ ಹೆಸರನ್ನೂ, ಗುರುತನ್ನೂ ನಿಮ್ಮ ಪತ್ರಗಳಲ್ಲಿ ಬಳಸಬಾರದು.

ಬಂದ ಹಣದಲ್ಲಿ ದಾರಿಖರ್ಚು ಕಳೆದುಕೊಳ್ಳಬಹುದೇ? ನಾನೇನೂ ಅನುಕೂಲಸ್ಥನಲ್ಲ.

ಕಳೆದುಕೊಳ್ಳದಿರುವುದೇ ಮೇಲು. ಕಳೆಯುವುದು ಅನಿವಾರ್ಯವಾದರೆ, ಹಣ ಕೇಳುವ ಮೊದಲ ಮಾತಿನಲ್ಲೇ ಅದನ್ನು ಹೇಳಬೇಕು. ದೇಣಿಗೆ ನೀಡುವವರು ಒಬ್ಬ ರೋಗಿಗೆ ಕೊಡುತ್ತಿದ್ದೇವೆಂದು ತಿಳಿದು ಕೊಡುತ್ತಾರೆ. ಅದರಲ್ಲಿ ನಿಮ್ಮ ಹೊಸ ಟಯರಿನ ಬೆಲೆಯೂ ಸೇರಿದೆಯೆಂದು ಆಮೇಲೆ ತಿಳಿದರೆ ವಿಶ್ವಾಸ ಮುರಿಯುತ್ತದೆ, ಆ ವಿಶ್ವಾಸದ ಜೊತೆಗೆ ಅಗಲಿದವರ ಹೆಸರೂ ಇರುತ್ತದೆ.

ಅಮೆರಿಕದ ಪ್ಯಾನ್-ಮ್ಯಾಸ್ ಚಾಲೆಂಜ್ ಎಂಬ ಸೈಕಲ್ ಯಾತ್ರೆ ಇದಕ್ಕೆ ಒಳ್ಳೆಯ ಮಾದರಿ. ಬಿಲ್ಲಿ ಸ್ಟಾರ್ ಎಂಬುವವರು ಚರ್ಮದ ಕ್ಯಾನ್ಸರಿನಿಂದ ತೀರಿಕೊಂಡ ತಮ್ಮ ತಾಯಿಯ ನೆನಪಿನಲ್ಲಿ 1980ರಲ್ಲಿ ಅದನ್ನು ಆರಂಭಿಸಿದಾಗ 36 ಸವಾರರು ಸೇರಿ 10,200 ಡಾಲರ್ ಕೂಡಿಸಿದ್ದರು. ಇಂದಿಗೆ ಅದರ ಒಟ್ಟು ಸಂಗ್ರಹ 100 ಕೋಟಿ ಡಾಲರ್‌ಗೂ ಮೀರಿದೆ. ಸವಾರರು ತಂದ ಹಣವಷ್ಟೂ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸೇರುತ್ತದೆ, ಯಾತ್ರೆಯನ್ನು ನಡೆಸುವ ಖರ್ಚನ್ನು ಪ್ರಾಯೋಜಕರಿಂದ ಮತ್ತು ಸವಾರರ ನೋಂದಣಿ ಶುಲ್ಕದಿಂದ ಬೇರೆಯಾಗಿ ಹೊಂದಿಸುತ್ತಾರೆ. ಒಂಟಿ ಸವಾರರೂ ಇದೇ ನಿಯಮವನ್ನು ಪಾಲಿಸಬಹುದು: ದೇಣಿಗೆ ನೇರವಾಗಿ ಸಂಸ್ಥೆಯ ಖಾತೆಗೇ ಹೋಗಲಿ, ನಿಮ್ಮ ಖಾತೆಯನ್ನು ಮುಟ್ಟುವುದೇ ಬೇಡ. ದಾರಿಖರ್ಚಿಗೆ ನೆರವಾಗಲು ಬಯಸುವ ಗೆಳೆಯರಿಂದ ಅದನ್ನು ಬೇರೆಯಾಗಿ, ಆ ಹೆಸರಿನಲ್ಲೇ ತೆಗೆದುಕೊಳ್ಳಿ.

ಹಣ ಕೇಳಲು ನಾಲಿಗೆ ಹೊರಳುವುದಿಲ್ಲ. ಸತ್ತವರ ಹೆಸರು ಹೇಳಿ ಬೇಡಿದಂತಾಗುತ್ತದೆಯಲ್ಲ?

ಈ ಸಂಕೋಚ ನನಗೂ ಇತ್ತು. ಅದು ಕಳೆದದ್ದು ಕೇಳುವ ರೀತಿಯನ್ನು ಬದಲಿಸಿದ ಮೇಲೆ. ಮೊದಲು ಬರೆದ ಪತ್ರದಲ್ಲಿ ಅಕ್ಕನ ನೋವಿನ ವರ್ಣನೆಯೇ ತುಂಬಿತ್ತು; ಓದಿದವರಿಗೆ ಕನಿಕರ ಹುಟ್ಟಿತೇ ಹೊರತು ತಾವು ಏನು ಮಾಡಬೇಕೆಂಬುದು ತಿಳಿಯಲಿಲ್ಲ. ಎರಡನೆಯ ಪತ್ರ ನಾಲ್ಕೇ ವಾಕ್ಯದ್ದು: ಅವಳು ಯಾರು, ನಾನು ಎಷ್ಟು ದೂರ ಹೋಗುತ್ತೇನೆ, ಹಣ ಯಾರಿಗೆ ಸೇರುತ್ತದೆ, ಒಬ್ಬ ರೋಗಿಯ ಒಂದು ಸಲದ ಡಯಾಲಿಸಿಸ್‌ಗೆ ಎಷ್ಟು ಬೇಕು. ಕೊಡುವ ಮೊತ್ತದಿಂದ ಏನಾಗುತ್ತದೆ ಎಂಬುದು ಕಣ್ಣಿಗೆ ಕಂಡಾಗ ಜನ ತಾವಾಗಿ ಕೊಡುತ್ತಾರೆ. ಕಿಲೋಮೀಟರಿಗೆ ಇಷ್ಟು ಎಂದು ಮಾತು ಕೊಡುವವರಿದ್ದರೆ ಒಂದು ಎಚ್ಚರಿಕೆ: ಕಾಯಿಲೆ ಬಿದ್ದು ನೀವು ನಡುವೆಯೇ ನಿಂತರೆ ಏನು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ನೋಯುವ ಮಂಡಿಯನ್ನು ಆ ಮಾತು ಮುಂದೆ ತಳ್ಳುತ್ತದೆ.

ಗುರಿಯಿಟ್ಟಷ್ಟು ಹಣ ಬಾರದಿದ್ದರೆ?

ಬಂದಷ್ಟನ್ನು ಕೊಡಿ, ಎಷ್ಟು ಬಂತೆಂದು ಎಲ್ಲರಿಗೂ ತಿಳಿಸಿ. ನನ್ನ ಗುರಿಯ ಮುಕ್ಕಾಲು ಭಾಗ ಮಾತ್ರ ತುಂಬಿತು. ಒಬ್ಬರೂ ಅದರ ಬಗ್ಗೆ ಕೇಳಲಿಲ್ಲ.

## ದೇಹ ಮತ್ತು ಸೈಕಲ್

ತರಬೇತಿ ಎಷ್ಟು ತಿಂಗಳು ಬೇಕು, ಹೇಗೆ ಮಾಡಬೇಕು?

ಈಗಾಗಲೇ ಒಂದು ಗಂಟೆ ತುಳಿಯಬಲ್ಲವರಿಗೆ 4 ತಿಂಗಳು, ಹೊಸಬರಿಗೆ 6ರಿಂದ 8 ತಿಂಗಳು. ವಾರಕ್ಕೆ ಎರಡು ಚಿಕ್ಕ ಸವಾರಿ, ಒಂದು ದೊಡ್ಡ ಸವಾರಿ ಇರಲಿ. ದೊಡ್ಡ ಸವಾರಿಯ ದೂರವನ್ನು ವಾರಕ್ಕೆ ಸುಮಾರು ಶೇಕಡಾ 10ರಷ್ಟು ಏರಿಸುತ್ತ, ಪ್ರತಿ ನಾಲ್ಕನೆಯ ವಾರ ಕಡಿಮೆ ಮಾಡಿ ದೇಹಕ್ಕೆ ಬಿಡುವು ಕೊಡಿ. ಕೊನೆಯ ಎರಡು ತಿಂಗಳಲ್ಲಿ ಸತತ ಎರಡು ದಿನ ದೊಡ್ಡ ಸವಾರಿ ಮಾಡುವುದು ಎಲ್ಲಕ್ಕಿಂತ ಮುಖ್ಯ. ಒಂದು ದಿನ 100 ಕಿಲೋಮೀಟರ್ ಹೋಗುವುದು ಬೇರೆ, ಬಿಗಿದ ತೊಡೆಗಳೊಂದಿಗೆ ಮರುದಿನ ಬೆಳಿಗ್ಗೆ ಅದೇ ಸೀಟಿನ ಮೇಲೆ ಕೂರುವುದು ಬೇರೆ. ಯಾತ್ರೆಯ ದಿನದ ದೂರದ ಮುಕ್ಕಾಲು ಭಾಗವನ್ನು ಹೀಗೆ ಎರಡು ದಿನ ಒಂದರ ಹಿಂದೊಂದು ತುಳಿಯಬಲ್ಲಿರಾದರೆ ನೀವು ತಯಾರಾಗಿದ್ದೀರಿ.

ತುಳಿಯುವಾಗ ಪಕ್ಕದವರೊಡನೆ ಏದುಸಿರಿಲ್ಲದೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಅದಕ್ಕಿಂತ ಜೋರಾಗಿ ಹೋಗುವುದು ದೂರದ ಸವಾರಿಗೆ ಕೆಲಸಕ್ಕೆ ಬಾರದು. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 20 ಕಿಲೋಮೀಟರಿನಿಂದ 25ಕ್ಕೆ ಏರಿದರೆ ಆ ಶಕ್ತಿ ಹೆಚ್ಚು ಕಡಿಮೆ ಎರಡರಷ್ಟಾಗುತ್ತದೆ, 100 ಕಿಲೋಮೀಟರಿನಲ್ಲಿ ಉಳಿಯುವುದು ಒಂದೇ ಗಂಟೆ. ಆ ಒಂದು ಗಂಟೆಯನ್ನು ಮರದ ನೆರಳಿನಲ್ಲಿ ಕಳೆಯಬೇಕಾಗಿ ಬರುತ್ತದೆ.

ದುಬಾರಿ ಸೈಕಲ್ ಕೊಳ್ಳಲೇಬೇಕೇ?

ಇಲ್ಲ. ಗೇರ್ ಇರುವ, ಅಳತೆ ಹೊಂದುವ, 32ರಿಂದ 40 ಮಿಲಿಮೀಟರ್ ಅಗಲದ ಟಯರ್ ಹಾಕಬಹುದಾದ ಯಾವ ಗಟ್ಟಿಮುಟ್ಟಾದ ಸೈಕಲ್ ಆದರೂ ಸಾಕು. ಅಗಲಿದವರ ಸೈಕಲನ್ನೇ ತುಳಿಯಬೇಕೆಂಬ ಆಸೆಯನ್ನು ಅನೇಕರು ಹೇಳಿಕೊಂಡಿದ್ದಾರೆ. ಆಸೆ ಸಹಜವಾದದ್ದೇ, ಆದರೆ ಅದು ನಿಮ್ಮ ಅಳತೆಗೆ ಹೊಂದದಿದ್ದರೆ ಮೂರನೆಯ ದಿನಕ್ಕೆ ಮಂಡಿಯೋ ಸೊಂಟವೋ ಕೈಕೊಡುತ್ತದೆ. ಅವರ ಸೈಕಲಿನ ಬೆಲ್ಲನ್ನು ಬಿಚ್ಚಿ ನಿಮ್ಮ ಸೈಕಲಿಗೆ ಹಾಕಿಕೊಳ್ಳಿ. ಸೀಟಿನ ಎತ್ತರಕ್ಕೆ ಒಂದು ಸುಲಭದ ಪರೀಕ್ಷೆಯಿದೆ: ಪೆಡಲ್ ಅತಿ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು, ಪಾದದ ಮುಂಭಾಗವನ್ನು ಇಟ್ಟಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿದೆಯೆಂದೂ, ಹಿಂದೆ ಬಂದರೆ ಎತ್ತರವಾಗಿದೆಯೆಂದೂ ಸಾಮಾನ್ಯವಾಗಿ ತಿಳಿಯಬಹುದು. ಹೊರಡುವ ಮುನ್ನ ಚೈನ್, ಬ್ರೇಕ್ ಪ್ಯಾಡ್, ಟಯರ್ ಹೊಸದಾಗಲಿ. ಸವಾರನ ಭಾರದ ಜೊತೆ ಸಾಮಾನಿನ ಭಾರವೂ ಹಿಂದಿನ ಗಾಲಿಯ ಮೇಲೆ ಬೀಳುವುದರಿಂದ, ಅದರ ಕಡ್ಡಿಗಳನ್ನು ಒಬ್ಬ ನುರಿತ ಮೆಕ್ಯಾನಿಕ್‌ನಿಂದ ಬಿಗಿ ಮಾಡಿಸಿ.

ಸೀಟಿನ ಹುಣ್ಣು, ಬೆರಳು ಜೋಮು ಹಿಡಿಯುವುದು, ಇವಕ್ಕೆ ಏನು ಮಾಡುವುದು?

ಮೆತ್ತೆಯಿರುವ ಸೈಕಲ್ ಚಡ್ಡಿಯನ್ನು ಒಳಉಡುಪಿಲ್ಲದೆ ತೊಡಬೇಕು, ದಿನವೂ ಒಗೆದು ಪೂರ್ತಿ ಒಣಗಿದ್ದನ್ನೇ ಹಾಕಬೇಕು, ಉಜ್ಜುವ ಜಾಗಕ್ಕೆ ವ್ಯಾಸಲೀನ್‌ನಂಥದ್ದನ್ನು ಹಚ್ಚಬೇಕು. ತಲುಪಿದ ಕೂಡಲೇ ಬೆವರಿನ ಬಟ್ಟೆ ಬಿಚ್ಚಿ ಸ್ನಾನ ಮಾಡುವುದು ಊಟಕ್ಕಿಂತ ಮೊದಲಿನ ಕೆಲಸ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಹೊರಅಂಚಿನ ನರ ಒತ್ತುತ್ತಿದೆ ಎಂದರ್ಥ. ಐದು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ, ಹ್ಯಾಂಡಲನ್ನು ಕೊಂಚ ಮೇಲೆತ್ತಿ. ರಾತ್ರಿಯಾದರೂ ಜೋಮು ಇಳಿಯದಿದ್ದರೆ ಮರುದಿನ ತುಳಿಯಬೇಡಿ.

ದಾರಿಯಲ್ಲಿ ಎಷ್ಟು ತಿನ್ನಬೇಕು, ಎಷ್ಟು ಕುಡಿಯಬೇಕು?

ಸಾಮಾನ್ಯ ನಿಯಮ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಸಿವಾದ ಮೇಲೆ ತಿಂದರೆ ತಡವಾಯಿತೆಂದೇ ಲೆಕ್ಕ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್, ಬಿಸಿಲಿಗೆ ತಕ್ಕಂತೆ ಹೆಚ್ಚು ಕಡಿಮೆ. ಬೆವರಿನೊಂದಿಗೆ ಉಪ್ಪೂ ಹೋಗುವುದರಿಂದ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ತಲೆನೋವು, ವಾಕರಿಕೆ, ಗೊಂದಲ ಬರುತ್ತದೆ, ಅದು ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ಉಪ್ಪು ಸಕ್ಕರೆ ಸೇರಿದ ಪಾನೀಯ ಜೊತೆಗಿರಲಿ.

ಇದನ್ನು ಬರೆಯುವಾಗಲೆಲ್ಲ ಅಕ್ಕನ ಅಳತೆ ಲೋಟ ಕಣ್ಣಮುಂದೆ ಬರುತ್ತದೆ. ಡಯಾಲಿಸಿಸ್‌ನಲ್ಲಿರುವವರು ಕುಡಿಯುವ ನೀರಿಗೆ ಮಿತಿಯಿರುತ್ತದೆ. ಅವಳಿಗೆ ದಿನವೊಂದಕ್ಕೆ ಒಂದು ಲೀಟರಿನ ಒಳಗೆ, ಸಾರು, ಮಜ್ಜಿಗೆ ಎಲ್ಲ ಸೇರಿ. ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಟ್ಟುಕೊಂಡು, ಗೆರೆ ಹಾಕಿದ ಪುಟ್ಟ ಲೋಟದಲ್ಲಿ ಎರಡು ಗುಟುಕು ಕುಡಿದು, ಉಳಿದದ್ದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಪೊಟ್ಯಾಸಿಯಂ ಹೆಚ್ಚೆಂದು ಬಾಳೆಹಣ್ಣೂ ನಿಷಿದ್ಧವಾಗಿತ್ತು. ಮೂರನೆಯ ದಿನ ಮಧ್ಯಾಹ್ನ ಮೈಲಿಗಲ್ಲಿನ ಮೇಲೆ ಕೂತು, ಎರಡನೆಯ ಬಾಳೆಹಣ್ಣು ಸುಲಿಯುತ್ತ, ಅಂದಿನ ನಾಲ್ಕನೆಯ ಲೀಟರ್ ನೀರು ಕುಡಿಯುತ್ತಿದ್ದಾಗ ಇದು ನೆನಪಾಗಿ ಗಂಟಲಲ್ಲಿ ಇಳಿಯದೇ ಹೋಯಿತು. ಆದರೂ ಕುಡಿದೆ. ನೀವೂ ಕುಡಿಯಬೇಕು. ಅವರಿಗೆ ಸಿಗದಿದ್ದುದನ್ನು ತಾನೂ ಬಿಡುತ್ತೇನೆಂಬ ವ್ರತವನ್ನು ಕೆಲವರು ಮನಸ್ಸಿನಲ್ಲೇ ಹಿಡಿಯುತ್ತಾರೆ, ದೂರದ ಸವಾರಿಯಲ್ಲಿ ಅದಕ್ಕೆ ಜಾಗವಿಲ್ಲ.

## ದಾರಿಯಲ್ಲಿ

ಒಬ್ಬನೇ ಹೋಗಲೇ, ಗೆಳೆಯರೊಂದಿಗೆ ಹೋಗಲೇ?

ಒಬ್ಬರೇ ಇದ್ದರೆ ನೆನಪಿಗೆ ಜಾಗ ಹೆಚ್ಚು, ಇಬ್ಬರಿದ್ದರೆ ಜೀವಕ್ಕೆ ಭದ್ರತೆ ಹೆಚ್ಚು. ಮೊದಲ ಯಾತ್ರೆಗೆ ಜೊತೆಗಾರರು ಬೇಕೆಂದೇ ನನ್ನ ಸಲಹೆ; ಬೇಕಾದಾಗ ಅವರು ಅರ್ಧ ಕಿಲೋಮೀಟರ್ ಹಿಂದೆ ಬರಲಿ. ಒಬ್ಬರೇ ಹೊರಡುವುದಾದರೆ ದಿನಕ್ಕೆ ಮೂರು ನಿಗದಿತ ಹೊತ್ತಿನಲ್ಲಿ ಮನೆಗೆ ಸುದ್ದಿ ಮುಟ್ಟಿಸುವ ಒಪ್ಪಂದವಿರಲಿ. ರಕ್ತದ ಗುಂಪು, ಔಷಧಿಗಳ ಅಲರ್ಜಿ, ಮನೆಯವರ ಫೋನ್ ಸಂಖ್ಯೆ ಬರೆದ ಚೀಟಿ ಮೈಮೇಲೆಯೇ ಇರಲಿ, ಚೀಲದಲ್ಲಿ ಅಲ್ಲ. ಬಿದ್ದಾಗ ಸೈಕಲ್ ಒಂದು ಕಡೆ, ನೀವು ಒಂದು ಕಡೆ ಆಗುತ್ತೀರಿ.

ದಿನ ಉಳಿಸಲು ರಾತ್ರಿಯೂ ತುಳಿಯಬಹುದೇ?

ಬೇಡ. ರಾತ್ರಿಯ ದೂರದ ಸವಾರಿ ತಾನೇ ಒಂದು ಪ್ರತ್ಯೇಕ ವಿದ್ಯೆ. 1891ರಲ್ಲಿ ಮೊದಲು ನಡೆದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯ 1200 ಕಿಲೋಮೀಟರನ್ನು ಇಂದಿನ ಸವಾರರು ಗರಿಷ್ಠ 90 ಗಂಟೆಗಳಲ್ಲಿ ಮುಗಿಸುತ್ತಾರೆ. ಅವರು ಅದಕ್ಕೆ ಮುನ್ನ 200, 300, 400, 600 ಕಿಲೋಮೀಟರುಗಳ ಸವಾರಿಗಳನ್ನು ಒಂದೊಂದಾಗಿ ಪೂರೈಸಿ ಅರ್ಹತೆ ಪಡೆದಿರುತ್ತಾರೆ. 17 ಗಂಟೆ ಎಚ್ಚರವಿದ್ದವರ ಪ್ರತಿಕ್ರಿಯೆ ರಕ್ತದಲ್ಲಿ ಶೇಕಡಾ 0.05 ಮದ್ಯಾಂಶ ಇರುವವರಷ್ಟೇ ಮಂದವಾಗಿರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ದುಃಖದಿಂದ ಮೊದಲೇ ನಿದ್ದೆಗೆಟ್ಟವರು ಆ ಸಾಹಸಕ್ಕೆ ಕೈಹಾಕಬಾರದು. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ತಂಗುವ ಜಾಗ ಸೇರಿ. ಹಗಲಿನಲ್ಲೂ ಹಿಂದಿನ ಕೆಂಪು ದೀಪ ಮಿನುಗುತ್ತಿರಲಿ.

ತುಳಿಯುತ್ತಿರುವಾಗಲೇ ಅಳು ಬಂದುಬಿಟ್ಟರೆ?

ಬರುತ್ತದೆ. ಯಾವಾಗ ಬರುತ್ತದೆಂದು ಹೇಳಲಾಗದು. ಅಕ್ಕನ ಆಸ್ಪತ್ರೆಯನ್ನು ಹೋಲುವ ಕಟ್ಟಡಗಳ ಮುಂದೆ ನಾನು ಗಟ್ಟಿಯಾಗಿಯೇ ದಾಟಿಹೋದೆ. ನಾಲ್ಕನೆಯ ದಿನ ಏನೂ ಇಲ್ಲದ ಒಂದು ನೇರ ರಸ್ತೆಯಲ್ಲಿ, ಹಿಂಗಾಳಿ ಬೀಸಿ ಸೈಕಲ್ ತಾನೇ ಓಡುತ್ತಿದ್ದಾಗ, ಕಣ್ಣು ಕಾಣದಾಯಿತು. ಕಷ್ಟಪಟ್ಟು ಏರು ಹತ್ತುವಾಗ ದೇಹ ಮನಸ್ಸನ್ನು ಹಿಡಿದಿಟ್ಟಿರುತ್ತದೆ, ದಾರಿ ಹಗುರವಾದಾಗ ಬಿಟ್ಟುಬಿಡುತ್ತದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಆಗ ಮಾಡಬೇಕಾದದ್ದು ಒಂದೇ: ಎರಡೂ ಬ್ರೇಕ್ ಒತ್ತಿ, ರಸ್ತೆಯಿಂದ ಪೂರ್ತಿ ಕೆಳಗಿಳಿದು, ಸೈಕಲ್ ಒರಗಿಸಿ ಕೂರಿ. ಕಣ್ಣು ಒರೆಸಿಕೊಳ್ಳುತ್ತ ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಮುಂದುವರಿಯಬೇಡಿ, ಇಳಿಜಾರಿನಲ್ಲಂತೂ ಖಂಡಿತ ಬೇಡ. ದಿನದ ಲೆಕ್ಕದಲ್ಲಿ ಇದಕ್ಕೆಂದೇ ಒಂದು ಗಂಟೆಯನ್ನು ಮೊದಲೇ ಸೇರಿಸಿಟ್ಟುಕೊಂಡರೆ, ಅಳುವಾಗ ತಡವಾಯಿತೆಂಬ ಆತಂಕ ಇರುವುದಿಲ್ಲ.

ಮಧ್ಯದಲ್ಲೇ ನಿಲ್ಲಿಸಬೇಕಾಗಿ ಬಂದರೆ, ಅವರಿಗೆ ಕೊಟ್ಟ ಮಾತು ತಪ್ಪಿದಂತಲ್ಲವೇ?

ಕೆನಡಾದ ಟೆರ್ರಿ ಫಾಕ್ಸ್ ಅವರನ್ನು ನೆನೆಯಿರಿ. ಮೂಳೆಯ ಕ್ಯಾನ್ಸರಿನಿಂದ ಬಲಗಾಲು ಕಳೆದುಕೊಂಡ ಅವರು 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಪೂರ್ವ ತುದಿಯಿಂದ ಓಟ ಆರಂಭಿಸಿದರು. 143 ದಿನಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತಾದ್ದರಿಂದ ಸೆಪ್ಟೆಂಬರ್ 1ರಂದು ಥಂಡರ್ ಬೇ ಬಳಿ ನಿಲ್ಲಿಸಬೇಕಾಯಿತು. ಮರುವರ್ಷ ಜೂನ್ 28ರಂದು, 22ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪಶ್ಚಿಮದ ಕಡಲನ್ನು ಅವರು ಮುಟ್ಟಲಿಲ್ಲ. ಅವರ ಹೆಸರಿನ ಓಟ 1981ರಿಂದ ಪ್ರತಿ ವರ್ಷ ನಡೆಯುತ್ತ ಬಂದಿದೆ. ಆ ಓಟಕ್ಕೆ ಬರುವವರು ಅವರು ಓಡದೇ ಉಳಿದ ದೂರದ ಲೆಕ್ಕವನ್ನು ಎತ್ತುವುದಿಲ್ಲ.

ಎದೆನೋವು, ತಲೆ ಸುತ್ತು, ಎರಡು ದಿನ ಬಿಡದ ಕೀಲುನೋವು, ಜ್ವರ ಇವುಗಳಲ್ಲಿ ಯಾವುದು ಬಂದರೂ ನಿಲ್ಲಿಸುವೆನೆಂದು ಹೊರಡುವ ಮುನ್ನವೇ ಬರೆದು, ಆ ಹಾಳೆಯನ್ನು ಮನೆಯವರ ಕೈಗೆ ಕೊಡಿ. ರಸ್ತೆಯ ಮೇಲೆ ದಣಿದಾಗ ಮಾಡುವ ತೀರ್ಮಾನಕ್ಕಿಂತ ಮನೆಯಲ್ಲಿ ಕೂತು ಮಾಡಿದ ತೀರ್ಮಾನ ಹೆಚ್ಚು ವಿವೇಕದ್ದು. ಉಳಿದ ದೂರವನ್ನು ಗುಣವಾದ ಮೇಲೆ ಮುಗಿಸಬಹುದು, ಅಥವಾ ಇನ್ನೊಬ್ಬರು ಮುಗಿಸಬಹುದು.

## ಕೊಂಚ ಕಠಿಣವಾದವು

ನನ್ನ ಮಗ ಆತ್ಮಹತ್ಯೆ ಮಾಡಿಕೊಂಡ. ಯಾತ್ರೆಯಲ್ಲಿ ಅದನ್ನು ಹೇಳಲೇ, ಮುಚ್ಚಿಡಲೇ?

ಹೇಳುವ ಹಕ್ಕೂ, ಹೇಳದಿರುವ ಹಕ್ಕೂ ನಿಮ್ಮದೇ. ಹೇಳಬೇಕೆಂದಾದರೆ ವಿಶ್ವ ಆರೋಗ್ಯ ಸಂಸ್ಥೆ ಮಾಧ್ಯಮಗಳಿಗೆ ನೀಡಿರುವ ಸಲಹೆಗಳು ನಿಮಗೂ ಉಪಯೋಗವಾಗುತ್ತವೆ: ಹೇಗೆ, ಎಲ್ಲಿ ಎಂಬ ವಿವರ ಬೇಡ, ಬರೆದಿಟ್ಟ ಪತ್ರದ ಮಾತು ಬೇಡ, ಒಂದೇ ಕಾರಣಕ್ಕೆ ಹೀಗಾಯಿತೆಂದು ಹೇಳುವುದು ಬೇಡ, ಸಹಾಯ ಎಲ್ಲಿ ಸಿಗುತ್ತದೆ ಎಂಬುದು ಮಾತ್ರ ಖಂಡಿತ ಇರಲಿ. ಮಗ ಹೇಗೆ ಹೋದ ಎಂಬುದಕ್ಕಿಂತ ಹೇಗಿದ್ದ ಎಂಬುದನ್ನು ಹೆಚ್ಚು ಹೇಳಿ. ಒಂದಕ್ಕೆ ಸಿದ್ಧರಾಗಿರಿ: ನಿಮ್ಮ ಮಾತು ಕೇಳಿದ ಅಪರಿಚಿತರು ತಮ್ಮ ಮನೆಯಲ್ಲಾದದ್ದನ್ನು ನಿಮ್ಮೆದುರು ಬಿಚ್ಚಿಡುತ್ತಾರೆ, ಕೆಲವೊಮ್ಮೆ ತಮ್ಮದೇ ಸಾಯುವ ಯೋಚನೆಯನ್ನೂ ಹೇಳಿಕೊಳ್ಳುತ್ತಾರೆ. ಅದನ್ನು ನೀವೊಬ್ಬರೇ ಹೊರಬೇಕಾಗಿಲ್ಲ. ಆಯಾ ಊರಿನ ಸಹಾಯವಾಣಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅವರ ಕೈಗೆ ಕೊಡಿ, ಅಲ್ಲಿಯೇ ಕರೆ ಮಾಡಿಸಿ.

ನನ್ನ ಗೆಳೆಯ ಸೈಕಲ್ ತುಳಿಯುವಾಗಲೇ ವಾಹನ ಗುದ್ದಿ ಸತ್ತ. ಅವನ ನೆನಪಿಗೂ ಸೈಕಲೇ ಸರಿಯೇ?

ಹಾಗೆ ಮಾಡಿದವರು ಜಗತ್ತಿನ ಅನೇಕ ಊರುಗಳಲ್ಲಿದ್ದಾರೆ. 2003ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಹೀಗೆ ಸತ್ತ ಸವಾರನೊಬ್ಬನ ಗೌರವಾರ್ಥ ಮೊದಲ ಮೌನ ಸವಾರಿ ನಡೆಯಿತು. ಈಗ ಪ್ರತಿ ಮೇ ತಿಂಗಳ ಮೂರನೆಯ ಬುಧವಾರ ಹಲವು ದೇಶಗಳಲ್ಲಿ ಅದು ನಡೆಯುತ್ತದೆ. ಗಂಟೆಗೆ ಸುಮಾರು 20 ಕಿಲೋಮೀಟರ್ ಮೀರದ ನಿಧಾನಗತಿ, ಬಾಯಲ್ಲಿ ಒಂದು ಮಾತಿಲ್ಲ. ಅದೇ ವರ್ಷ ಸೇಂಟ್ ಲೂಯಿಸ್‌ನಲ್ಲಿ ಅಪಘಾತವಾದ ಜಾಗದಲ್ಲಿ ಪೂರ್ತಿ ಬಿಳಿ ಬಣ್ಣ ಬಳಿದ ಸೈಕಲನ್ನು ನಿಲ್ಲಿಸುವ ರೂಢಿಯೂ ಶುರುವಾಯಿತು. ನಿಮ್ಮ ದೂರದ ಯಾತ್ರೆಯ ಮೊದಲ ಕಿಲೋಮೀಟರನ್ನು ಈ ರೀತಿಯ ಮೌನದಲ್ಲಿ, ಎಲ್ಲರೂ ಸೇರಿ ಸಾಗಬಹುದು. ಆದರೆ ಅಪಘಾತವಾದ ಜಾಗವನ್ನು ಮೊದಲು ಸೈಕಲಿಲ್ಲದೆ ಒಮ್ಮೆ ನೋಡಿಕೊಂಡು ಬನ್ನಿ. ಪಕ್ಕದಿಂದ ಲಾರಿ ಹಾದುಹೋದಾಗ ಈಗಲೂ ಮೈ ನಡುಗುತ್ತದೆಯಾದರೆ ಆಪ್ತಸಮಾಲೋಚಕರನ್ನು ಕಂಡ ಮೇಲಷ್ಟೇ ಹೆದ್ದಾರಿಗಿಳಿಯಿರಿ.

ಯಾತ್ರೆ ಮುಗಿದು ವಾರವಾಯಿತು. ಹಗುರಾಗುತ್ತೇನೆಂದುಕೊಂಡಿದ್ದೆ, ಮೊದಲಿಗಿಂತ ಖಾಲಿಯಾಗಿದ್ದೇನೆ. ಎಲ್ಲಿ ತಪ್ಪಾಯಿತು?

ಎಲ್ಲಿಯೂ ತಪ್ಪಾಗಿಲ್ಲ. ತಿಂಗಳುಗಟ್ಟಲೆ ಪ್ರತಿ ದಿನಕ್ಕೂ ಅವರ ಹೆಸರಿನ ಒಂದು ಕೆಲಸವಿತ್ತು, ಈಗ ಇಲ್ಲ. ದೇಹವೂ ಏಕಾಏಕಿ ಸುಮ್ಮನಾಗಿದೆ. ಎರಡನೆಯ ಸಲ ಕಳೆದುಕೊಂಡಂತೆ ಅನಿಸುವುದು ಇದರಿಂದಲೇ. ಇನ್ನೂ ಒಂದು ವಾರ ದಿನಕ್ಕೆ ಅರ್ಧ ಗಂಟೆ ಹಗುರವಾಗಿ ತುಳಿಯಿರಿ, ಒಮ್ಮೆಲೇ ನಿಲ್ಲಿಸಬೇಡಿ. ಹಣದ ಲೆಕ್ಕವನ್ನು ಪೂರ್ತಿ ಮಾಡಿ, ಕೊಟ್ಟವರಿಗೆಲ್ಲ ರಸೀದಿಯ ಪ್ರತಿಯೊಂದಿಗೆ ಕೃತಜ್ಞತೆಯ ಪತ್ರ ಬರೆಯಿರಿ. ಆ ಪತ್ರಗಳನ್ನು ಬೇಕೆಂದೇ ಯಾತ್ರೆಯ ನಂತರಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು. ನನಗೆ ಅವು ಮೂರು ವಾರ ಕೈಹಿಡಿದವು. ಆದರೆ ತಿಂಗಳು ದಾಟಿದರೂ ಊಟ, ನಿದ್ದೆ, ಕೆಲಸ ಯಾವುದಕ್ಕೂ ಮನಸ್ಸು ಒಗ್ಗದಿದ್ದರೆ ವೈದ್ಯರನ್ನು ಕಾಣಬೇಕು.

ಪ್ರತಿ ವರ್ಷವೂ ಮಾಡಬೇಕೇ? ಒಂದೇ ವರ್ಷಕ್ಕೆ ನಿಲ್ಲಿಸಿದರೆ ಜನ ಏನೆನ್ನುತ್ತಾರೋ.

ಒಂದೇ ಸಲ ಮಾಡಿ ನಿಲ್ಲಿಸಬಹುದು. ಪ್ರತಿ ವರ್ಷ ನಡೆಯಬೇಕಾದರೆ ಒಂದು ತಂಡ, ಖಜಾಂಚಿ, ವಿಮೆ, ಸ್ಥಳೀಯ ಆಡಳಿತದ ಅನುಮತಿ ಎಲ್ಲವೂ ಬೇಕು. ಆಗ ಅದು ಸಂಸ್ಥೆಯ ಕೆಲಸವಾಗುತ್ತದೆ, ಅದನ್ನು ನಡೆಸುವ ಮನಸ್ಸು ಎಲ್ಲರಿಗೂ ಇರಬೇಕಾಗಿಲ್ಲ. ನನಗೆ ಇರಲಿಲ್ಲ. ಯಾತ್ರೆಯ ಮರುವರ್ಷದಿಂದ, ಅಕ್ಕ ತೀರಿಕೊಂಡ ದಿನ ಅವಳ ಮನೆಯಿಂದ ಆಸ್ಪತ್ರೆಗೆ ಹೋಗಿ ಹಿಂತಿರುಗುವ ಆ 6 ಕಿಲೋಮೀಟರನ್ನು ಮಾತ್ರ ತುಳಿಯುತ್ತೇನೆ, ಕೈಲಾದಷ್ಟು ಹಣವನ್ನು ಯಾರನ್ನೂ ಕೇಳದೆ ಕಟ್ಟುತ್ತೇನೆ. ಹೋದ ಸಲ ಅವಳ ಮಗಳೂ ಅಮ್ಮನ ಬೆಲ್ಲು ಹಾಕಿದ ಸೈಕಲಿನಲ್ಲಿ ನನ್ನ ಹಿಂದೆ ಬಂದಳು. ಆಸ್ಪತ್ರೆಯ ಗೇಟಿನ ಮುಂದೆ ಇಳಿಯದೆ, ಒಂದು ಸಲ ಬೆಲ್ಲು ಬಾರಿಸಿ ಮುಂದೆ ಹೋದಳು. ಬೆಳೆಯುತ್ತಿದ್ದಾಳೆ, ಬರುವ ವರ್ಷಕ್ಕೆ ಅವಳ ಸೀಟನ್ನು ಎರಡು ಬೆರಳಷ್ಟು ಏರಿಸಬೇಕು.